ಕೆಚ್ಯಾವೊಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಊರಿನವರು ‘ಚೀನಾದಲ್ಲಿ ಎಲ್ಲಿದ್ದೀರಾ?’ ಅಂತ ಕೇಳಿದರೆ ನಾವೆಲ್ಲ ‘ಶಾಂಘೈ ಹತ್ತಿರ’ ಅಂದುಬಿಡುತ್ತೇವೆ. ಸುಮ್ನೆ ಯಾಕೆ ವಿವರಿಸೋದು, ಅಲ್ವಾ? ಸರಿಯಾಗಿ ಹೇಳಬೇಕೆಂದರೆ ಕೆಚ್ಯಾವೊ ಜೆಜಿಯಾಂಗ್ ಪ್ರಾಂತ್ಯದ ಶಾವೊಶಿಂಗ್ ನಗರದ ಒಂದು ಭಾಗ. ಪಕ್ಕದಲ್ಲೇ ಹಾಂಗ್‌ಝೌ. ಇಲ್ಲಿ ಬಟ್ಟೆಯೇ ಬದುಕು. ಚಿಕ್ಕಪೇಟೆಯಲ್ಲಿ ಥಾನುಗಳ ನಡುವೆ ಬೆಳೆದವರೂ ಇಲ್ಲಿನ ಮಾರ್ಕೆಟ್ ನೋಡಿ ಒಂದು ಗಳಿಗೆ ಮಾತು ನಿಲ್ಲಿಸುತ್ತಾರೆ. ಆದರೆ ಮಾರ್ಕೆಟ್‌ನಿಂದ ಎರಡು ಬೀದಿ ಆಚೆ ಹೋದರೆ ಇಂಗ್ಲಿಷ್ ಮುಗಿಯಿತು. ಆಫೀಸಿಗೆ ಹೋಗುವವರ ಜೊತೆ ಮಾತು ತಿಳಿದವರು ಯಾರಾದರೂ ಇರುತ್ತಾರೆ. ಮನೆಯಲ್ಲಿ ಉಳಿಯುವವರಿಗೆ ಯಾರೂ ಇರುವುದಿಲ್ಲ. ಈ ಬರಹ ಮುಖ್ಯವಾಗಿ ಅವರಿಗೆ.

ಮೊದಲು ಪೊಲೀಸ್ ಠಾಣೆ

ಹೋಟೆಲ್‌ನಲ್ಲಿ ಇಳಿದಿದ್ದರೆ ನಿಮ್ಮ ಹೆಸರನ್ನು ಹೋಟೆಲ್‌ನವರೇ ನೋಂದಾಯಿಸುತ್ತಾರೆ. ಬಾಡಿಗೆ ಮನೆಗೆ ಹೋದ ಮೇಲೆ ಅದು ನಿಮ್ಮ ಕೆಲಸ. 24 ಗಂಟೆಯೊಳಗೆ ಆ ಏರಿಯಾದ ಠಾಣೆಗೆ ಹೋಗಬೇಕು. ಪಾಸ್‌ಪೋರ್ಟ್ ಮತ್ತು ಬಾಡಿಗೆ ಕರಾರು ಜೊತೆಗಿರಲಿ. ಮಕ್ಕಳ ಪಾಸ್‌ಪೋರ್ಟನ್ನೂ ಒಯ್ಯಿರಿ. ನಾನು ಬಂದಾಗ ಮನೆ ಮಾಲೀಕರು ‘ನಾಳೆ ಹೋಗೋಣ’ ಎಂದರು. ನಾಳೆ ಅನ್ನುವುದು ನಾಲ್ಕು ದಿನವಾಯಿತು. ಠಾಣೆಯಲ್ಲಿ ಒಂದು ಗಂಟೆ ಕೂರಿಸಿ, ಬುದ್ಧಿ ಹೇಳಿ, ಓದಲು ಬಾರದ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಮಾಲೀಕರು ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಿದ್ದರು.

ಅಲ್ಲಿ ಕೊಡುವ ಚೀಟಿಯನ್ನು ಜೋಪಾನ ಮಾಡಿ. ನಿವಾಸ ಪರವಾನಗಿಗೆ ಅದು ಬೇಕು, ಆ ಅರ್ಜಿಯನ್ನು ದೇಶಕ್ಕೆ ಬಂದ 30 ದಿನದೊಳಗೆ ಹಾಕಬೇಕು. ಮನೆ ಬದಲಾದರೆ ಮತ್ತೆ ನೋಂದಣಿ. ಮದುವೆ ಮತ್ತು ಜನನ ಪ್ರಮಾಣಪತ್ರಗಳ ದೃಢೀಕರಣವನ್ನು ಭಾರತದಲ್ಲೇ ಮುಗಿಸಿಕೊಂಡು ಬನ್ನಿ. ಇಲ್ಲಿ ಕೂತು ಅದನ್ನು ಮಾಡಿಸುವುದು ದೊಡ್ಡ ತಲೆನೋವು.

ಸಂಗಾತಿಯ ಜೊತೆ ಎಸ್1 ವೀಸಾದಲ್ಲಿ (ಕುಟುಂಬದವರಿಗೆ ಕೊಡುವ ವೀಸಾ) ಬಂದವರಿಗೆ ಒಂದು ಮಾತು. ಪಕ್ಕದ ಬ್ಲಾಕ್‌ನವರು ‘ನಮ್ಮ ಮಗುವಿಗೆ ಇಂಗ್ಲಿಷ್ ಹೇಳಿಕೊಡಿ’ ಅಂತ ಕೇಳಿಯೇ ಕೇಳುತ್ತಾರೆ. ದುಡ್ಡು ತೆಗೆದುಕೊಂಡು ಪಾಠ ಮಾಡಿದರೆ ಅದು ಪರವಾನಗಿ ಇಲ್ಲದ ಕೆಲಸ. ಸಿಕ್ಕಿಬಿದ್ದರೆ ದಂಡ, ಜಾಸ್ತಿಯಾದರೆ ಗಡಿಪಾರು. ನಯವಾಗಿ ಬೇಡ ಅನ್ನಿ.

ಫೋನ್

ಇಲ್ಲಿ ಪರ್ಸ್ ಮರೆತರೂ ನಡೆಯುತ್ತದೆ, ಫೋನ್ ಮರೆತರೆ ಇಲ್ಲ. ತರಕಾರಿ ಅಜ್ಜಿಯೂ ಕ್ಯೂಆರ್ ಕೋಡ್ ತೋರಿಸುತ್ತಾರೆ. ನಮಗೆ ಯುಪಿಐ ಗೊತ್ತಿರುವುದರಿಂದ ಇದೇನೂ ಹೊಸದಲ್ಲ. ಮೊದಲ ವಾರಗಳಿಗೆ ಭಾರತದ ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡನ್ನು ಅಲಿಪೇಗೆ (ಇಲ್ಲಿ ದುಡ್ಡು ಕಟ್ಟುವ ಆಪ್) ಜೋಡಿಸಿಕೊಳ್ಳಿ. ಹೊರಡುವ ಮುಂಚೆಯೇ ಕಾರ್ಡ್‌ನ ವಿದೇಶಿ ಬಳಕೆ ಆನ್ ಮಾಡಿರಬೇಕು. ಒಂದು ಸಲಕ್ಕೆ 200 ಯುವಾನ್ ದಾಟಿದರೆ 3% ಶುಲ್ಕ ಬೀಳುತ್ತದೆ. ಹಾಗಾಗಿ ಬೇಗ ಇಲ್ಲಿಯ ಸಿಮ್ ತೆಗೆದುಕೊಳ್ಳಿ, ಅದೇ ನಂಬರಿನಲ್ಲಿ ಬ್ಯಾಂಕ್ ಖಾತೆ ಮಾಡಿಸಿ.

ನಮ್ಮವರು ಎಡವುವುದು ಹೆಸರಿನಲ್ಲಿ. ನಮಗೆ ಇನಿಷಿಯಲ್ ಉಂಟು, ಅಪ್ಪನ ಹೆಸರುಂಟು, ಊರಿನ ಹೆಸರುಂಟು, ಎಷ್ಟೋ ಪಾಸ್‌ಪೋರ್ಟ್‌ಗಳಲ್ಲಿ ಸರ್‌ನೇಮ್ ಜಾಗ ಖಾಲಿ. ಬ್ಯಾಂಕಿನವರು ಒಂದು ಥರ ಹಾಕುತ್ತಾರೆ, ಸಿಮ್ ಅಂಗಡಿಯವರು ಇನ್ನೊಂದು ಥರ. ಒಂದು ಸ್ಪೇಸ್ ಹೆಚ್ಚುಕಮ್ಮಿಯಾದರೂ ವೀಚಾಟ್ (ಇಲ್ಲಿನವರ ವಾಟ್ಸಾಪ್, ದುಡ್ಡು ಕಟ್ಟುವುದಕ್ಕೂ ಅದೇ) ಒಪ್ಪುವುದಿಲ್ಲ. ಕೌಂಟರ್ ಬಿಟ್ಟು ಏಳುವ ಮುಂಚೆ ಪರದೆಯ ಮೇಲೆ ಹೆಸರು ಹೇಗಿದೆ ಎಂದು ಫೋಟೋ ತೆಗೆದುಕೊಳ್ಳಿ.

ಊರಿಗೆ ಮಾತಾಡುವುದು ಇನ್ನೊಂದು ಪೇಚು. ಇಲ್ಲಿ ವಾಟ್ಸಾಪ್ ತೆರೆಯುವುದಿಲ್ಲ. ಅಲ್ಲಿ, 2020ರ ಜೂನ್‌ನಲ್ಲಿ ಭಾರತ 59 ಆಪ್‌ಗಳನ್ನು ನಿಷೇಧಿಸಿದಾಗ ವೀಚಾಟ್ ಕೂಡ ಹೋಯಿತು. ಅಂದರೆ ನಿಮ್ಮ ಫೋನಿನಲ್ಲಿರುವುದು ಅಮ್ಮನಿಗಿಲ್ಲ, ಅಮ್ಮನ ಫೋನಿನಲ್ಲಿರುವುದು ನಿಮಗಿಲ್ಲ. ಭಾರತದ ಸಿಮ್ ರೋಮಿಂಗ್‌ನಲ್ಲಿದ್ದರೆ ಅದರ ಡೇಟಾದಲ್ಲಿ ವಾಟ್ಸಾಪ್ ನಡೆಯುತ್ತದೆ. ಬ್ಯಾಂಕ್ ಒಟಿಪಿಗೂ ಆ ಸಿಮ್ ಬೇಕೇ ಬೇಕು, ರೀಚಾರ್ಜ್ ತಪ್ಪಿಸಬೇಡಿ.

ಅಡುಗೆಮನೆ

ರಾಗಿ ಹಿಟ್ಟು, ಸಾರಿನ ಪುಡಿ, ಹುಣಸೆಹಣ್ಣು, ಒಣಗಿಸಿದ ಕರಿಬೇವು ಇಷ್ಟು ತನ್ನಿ. ಕುಕ್ಕರ್‌ಗೆ ಎರಡು ಗ್ಯಾಸ್ಕೆಟ್ ಕೂಡ. ಬೇಳೆಗಳಿಗೆ ಇಲ್ಲೇ ಭಾರತೀಯರ ದಿನಸಿ ಅಂಗಡಿ, ಇಲ್ಲವಾದರೆ ಟಾವೊಬಾವೊ ಎಂಬ ಆನ್‌ಲೈನ್ ಅಂಗಡಿ. ಹೆಸರುಬೇಳೆ, ಕಡಲೇಬೀಜ, ಎಳ್ಳು ಎಲ್ಲ ಕಡೆ ಸಿಗುತ್ತವೆ. ಬೆಂಡೆ, ಹಾಗಲ, ತುಪ್ಪದ ಹೀರೆಯೂ ಬರುತ್ತವೆ.

ಮೇ ತಿಂಗಳಲ್ಲಿ ತರಕಾರಿ ಮಾರ್ಕೆಟ್‌ಗೆ ಹೋದರೆ ಖುಷಿಯಾಗುತ್ತದೆ. ಕೆಂಪು ದಂಟಿನ ಸೊಪ್ಪು ಕಂತೆ ಕಂತೆ ಬಂದಿರುತ್ತದೆ. ಇವರು ಅದನ್ನು ಶಿಯೆನ್ ಛಾಯ್ ಅಂತಾರೆ, ಬೆಳ್ಳುಳ್ಳಿ ಹಾಕಿ ಬಾಡಿಸುತ್ತಾರೆ, ಅನ್ನ ಗುಲಾಬಿ ಬಣ್ಣವಾಗುತ್ತದೆ. ನಮ್ಮ ಹಾಗೆ ದಂಟನ್ನೂ ಬಿಡುವುದಿಲ್ಲ. ಆದರೆ ಸಾರು ಮಾಡುವ ಬದಲು ಮಡಕೆಯಲ್ಲಿ ಹುಳಿಯಲು ಬಿಡುತ್ತಾರೆ. ಶಾವೊಶಿಂಗ್‌ನ ಹೆಸರಾಂತ ತಿನಿಸು ಅದು. ಮೆಟ್ಟಿಲಲ್ಲಿ ಚರಂಡಿ ವಾಸನೆ ಬಂದರೆ ಪ್ಲಂಬರ್‌ನನ್ನು ಕರೆಯಬೇಡಿ, ಪಕ್ಕದ ಮನೆಯ ಊಟವಿರಬಹುದು.

ಸಸ್ಯಾಹಾರಿಗಳು ‘ಮಾಂಸ ಬೇಡ’ ಎಂದರೆ ಸಾಲದು. ತುಂಡು ತೆಗೆದು ಅದೇ ರಸ ಕೊಡುತ್ತಾರೆ, ಸೊಪ್ಪನ್ನು ಹಂದಿ ಕೊಬ್ಬಿನಲ್ಲಿ ಹುರಿಯುವುದೂ ಉಂಟು. ‘ವೊ ಛರ್ ಸು’, ನಾನು ಸಸ್ಯಾಹಾರಿ, ಅನ್ನಿ. ಬೌದ್ಧರು ಹೇಳುವ ಮಾತು ಅದು, ಬೇಗ ಅರ್ಥವಾಗುತ್ತದೆ. ನಮ್ಮ ಉಚ್ಚಾರ ಕೆಡುವುದೇ ಹೆಚ್ಚು, ಆದ್ದರಿಂದ ಚೀನೀ ಅಕ್ಷರದಲ್ಲಿ ಫೋನಿನಲ್ಲಿ ಬರೆದಿಟ್ಟುಕೊಂಡು ತೋರಿಸಿ.

ಮನೆ, ಚಳಿ, ಆಸ್ಪತ್ರೆ

ಬಾಡಿಗೆಗೆ ‘ಯಾ ಯಿ ಫು ಸಾನ್’ ಎನ್ನುತ್ತಾರೆ. ಒಂದು ತಿಂಗಳ ಡೆಪಾಸಿಟ್, ಮೂರು ತಿಂಗಳ ಬಾಡಿಗೆ ಮುಂಗಡ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದು ಅಗ್ಗವೇ. ಉತ್ತರ ಚೀನಾದಲ್ಲಿರುವ ಹಾಗೆ ಇಲ್ಲಿ ಕಟ್ಟಡಕ್ಕೆಲ್ಲ ಹೀಟಿಂಗ್ ಇರುವುದಿಲ್ಲ. ಜನವರಿಯಲ್ಲಿ ಮನೆಯೊಳಗೂ ಸ್ವೆಟರ್ ಬೇಕು. ಇಡ್ಲಿ ಹಿಟ್ಟು ಉಬ್ಬದಿದ್ದರೆ ಪಾತ್ರೆಗೆ ಎಲೆಕ್ಟ್ರಿಕ್ ಕಂಬಳಿ ಸುತ್ತಿ. ನಗಬೇಡಿ, ನಾವೆಲ್ಲ ಮಾಡಿದ್ದೇವೆ. ಜೂನ್ ಮಧ್ಯದಿಂದ ಪ್ಲಮ್ ಮಳೆ (ಪ್ಲಮ್ ಹಣ್ಣಾಗುವ ಕಾಲದ ಜಡಿಮಳೆ) ಹಿಡಿಯುತ್ತದೆ, ರೇಷ್ಮೆ ಸೀರೆ, ಚಪ್ಪಲಿಗೆ ಬೂಷ್ಟು ಬರುತ್ತದೆ.

ಆಂಬುಲೆನ್ಸ್‌ಗೆ 120, ಪೊಲೀಸರಿಗೆ 110, ಬೆಂಕಿಗೆ 119. ಆಸ್ಪತ್ರೆಯಲ್ಲಿ ಮೊದಲು ‘ಗ್ವಾ ಹಾವ್’, ಅಂದರೆ ಹೆಸರು ನೋಂದಣಿಯ ಚೀಟಿ ಮಾಡಿಸಬೇಕು, ಆಮೇಲೆ ಡಾಕ್ಟರ್. ಪ್ರತಿ ಪರೀಕ್ಷೆಗೂ ಮುಂಚೆಯೇ ದುಡ್ಡು ಕಟ್ಟಬೇಕು.

ಕೆಲಸಕ್ಕೆ ಹೋಗುವವರಿಗೆ ಎರಡೇ ಮಾತು

ಡೈಯಿಂಗ್‌ನವರು ಬಣ್ಣ ತೋರಿಸಿ ‘ಚಾ ಬು ದ್ವೊ’ ಅಂದರೆ, ನಮ್ಮ ‘ಅಡ್ಜಸ್ಟ್ ಮಾಡ್ಕೊಳ್ಳಿ ಸರ್’ ಇದ್ದ ಹಾಗೆ. ಹಗಲ ಬೆಳಕಿಗೆ ಹಿಡಿದು ನೋಡದೆ ಒಪ್ಪಬೇಡಿ. ಔತಣದಲ್ಲಿ ಶಾವೊಶಿಂಗ್‌ನ ಅಕ್ಕಿ ಮದ್ಯ ಬಂದೇ ಬರುತ್ತದೆ. ಕುಡಿಯದವರು ಮೊದಲ ಲೋಟಕ್ಕೇ ‘ಇ ಛಾ ದಾಯ್ ಜ್ಯೂ’, ಮದ್ಯದ ಬದಲು ಚಹಾ, ಎಂದು ಎದ್ದುನಿಂತು ಚಹಾ ಎತ್ತಿ. ಯಾರೂ ಬೇಜಾರಾಗುವುದಿಲ್ಲ. ಒಂದು ಲೋಟ ಕುಡಿದು ಆಮೇಲೆ ಬೇಡ ಅಂದರೆ ಕಷ್ಟ.

ಚೀನೀ ಹೊಸ ವರ್ಷಕ್ಕೆ ಫ್ಯಾಕ್ಟರಿಗಳು ವಾರಗಟ್ಟಲೆ ಮುಚ್ಚುತ್ತವೆ, ತರಕಾರಿ ಅಜ್ಜಿಯೂ ಊರಿಗೆ ಹೋಗುತ್ತಾರೆ. ರೈಲು ಟಿಕೆಟ್ 15 ದಿನ ಮುಂಚೆ ಬಿಡುತ್ತಾರೆ, ಬಿಟ್ಟ ಕೂಡಲೇ ಮುಗಿಯುತ್ತವೆ. ಎಲ್ಲಿಗೂ ಹೋಗದೆ ಇಲ್ಲೇ ಉಳಿಯುವವರು ಈರುಳ್ಳಿ, ಆಲೂಗಡ್ಡೆ ತಂದಿಟ್ಟುಕೊಂಡು ಇಲ್ಲಿನ ನಮ್ಮವರ ಬಳಗದ ಚಾಟ್ ಗುಂಪಿನಲ್ಲಿ ಒಂದು ಸಾಲು ಹಾಕಿ. ಉಳಿದ ನಾಲ್ಕೈದು ಮನೆಯವರು ಸರದಿಯ ಮೇಲೆ ಒಟ್ಟಿಗೆ ಊಟ ಮಾಡುತ್ತೇವೆ. ತಟ್ಟೆ ನೀವೇ ತನ್ನಿ.