ನೂರಾರು ಜಿಬಿ ಡೇಟಾ ಹೊಸ ಕಂಪ್ಯೂಟರ್‌ಗೆ ಹಾಕ್ಬೇಕಾ? ಒಂದು ಲ್ಯಾನ್ ಕೇಬಲ್ ಸಾಕು

ಹಳೇ ಕಂಪ್ಯೂಟರಲ್ಲಿರೋ ಫೋಟೋ, ವಿಡಿಯೋ, ಕೆಲಸದ ಫೈಲು ಎಲ್ಲಾ ಸೇರಿ 700-800 ಜಿಬಿ ದಾಟಿದ್ರೆ ಪೆನ್‌ಡ್ರೈವಲ್ಲಿ ಕಂತು ಕಂತಾಗಿ ಹೊತ್ತು ಹಾಕೋದು ಆಗಹೋಗದ ಮಾತು. ಕ್ಲೌಡ್‌ಗೆ ಏರಿಸಿ ಇಳಿಸ್ತೀನಿ ಅಂದ್ರೆ ದಿನಗಟ್ಟಲೆ ಕಾಯ್ಬೇಕು. ವೈಫೈಲೇ ಕಳಿಸ್ಬಹುದಲ್ಲ ಅಂತೀರಾ, ಕಳಿಸ್ಬಹುದು, ಆದ್ರೆ ಎರಡೂ ಕಂಪ್ಯೂಟರ್ ವೈಫೈಲೇ ಇದ್ರೆ ಒಂದೊಂದು ಫೈಲೂ ಮೊದಲು ರೂಟರ್‌ಗೆ ಹೋಗಿ ಆಮೇಲೆ ಅಲ್ಲಿಂದ ಇನ್ನೊಂದಕ್ಕೆ ಬರತ್ತೆ, ಅಂದ್ರೆ ಗಾಳಿಲಿ ಎರಡು ಸಲ ಓಡಾಟ, ಸ್ಪೀಡು ಅರ್ಧಕ್ಕರ್ಧ ಖಲಾಸ್. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಪರವಾಗಿಲ್ಲ, ಅದರಲ್ಲೂ ಒಂದ್ಸಲ ಹಾಕಿ ಇನ್ನೊಂದ್ಸಲ ತೆಗೀಬೇಕು, ಆದ್ರೆ ಹೇಗೂ ಒಂದು ಬ್ಯಾಕಪ್ ಉಳಿಯತ್ತೆ ಅನ್ನೋದು ಲಾಭ.

ನನ್ನ ಪ್ರಕಾರ ಎರಡೂ ಕಂಪ್ಯೂಟರ್ ಮಧ್ಯೆ ಸೀದಾ ಒಂದು ಲ್ಯಾನ್ ಕೇಬಲ್ (ರೂಟರಿಂದ ಕಂಪ್ಯೂಟರ್‌ಗೆ ಹಾಕೋ ನೆಟ್‌ವರ್ಕ್ ಕೇಬಲ್) ಚುಚ್ಚೋದೇ ಬೆಸ್ಟು. ಎರಡೂ ಕಡೆ ಗಿಗಾಬಿಟ್ ಪೋರ್ಟ್ (ಅಂದ್ರೆ 1000 ಎಂಬಿಪಿಎಸ್, ಸೆಕೆಂಡ್‌ಗೆ 1000 ಮೆಗಾಬಿಟ್; 8 ಬಿಟ್ ಸೇರಿದ್ರೆ 1 ಬೈಟ್) ಇದ್ರೆ ಸೆಕೆಂಡ್‌ಗೆ ಸುಮಾರು 110 ಎಂಬಿ ಹೋಗತ್ತೆ, 1 ಟಿಬಿಗೆ ಎರಡೂವರೆ ಗಂಟೆ ಆಸುಪಾಸು. ಅದೇ ಹಳೇ 100 ಎಂಬಿಪಿಎಸ್ ಪೋರ್ಟಾದ್ರೆ 11-12 ಎಂಬಿ ಅಷ್ಟೇ, ಒಂದಿಡೀ ದಿನ ಬೇಕು. ಮೊದಲು ಕ್ರಾಸ್‌ಓವರ್ ಕೇಬಲ್ಲೇ (ಒಳಗಿನ ತಂತಿ ಅದಲುಬದಲು ಮಾಡಿರೋದು) ಆಗ್ಬೇಕಿತ್ತು, ಗಿಗಾಬಿಟ್ ಪೋರ್ಟ್‌ಗೆ ಈಗ ಅದೇನೂ ಬೇಡ, ಮಾಮೂಲಿ ಕ್ಯಾಟ್ 5ಇ ಕೇಬಲ್ ಸಾಕು. ಆದ್ರೆ ಯುಎಸ್‌ಬಿ ಪೋರ್ಟಿಂದ ಯುಎಸ್‌ಬಿ ಪೋರ್ಟಿಗೆ ಸಾದಾ ಕೇಬಲ್ ಮಾತ್ರ ಹಾಕೋಕೆ ಹೋಗ್ಬೇಡಿ, ಪೋರ್ಟ್ ಸುಟ್ಟೋಗೋ ಚಾನ್ಸ್ ಇದೆ.

ಕೇಬಲ್ ಹಾಕಿದ್ಮೇಲೆ ವಿಂಡೋಸ್ ಸೆಟ್ಟಿಂಗ್ಸಲ್ಲಿ ಈಥರ್‌ನೆಟ್ ತೆಗೆದು ಲಿಂಕ್ ಸ್ಪೀಡ್ ನೋಡಿ. 1000 ಇರ್ಬೇಕು. ಪೋರ್ಟ್ ಗಿಗಾಬಿಟ್ ಆಗಿದ್ದೂ 100 ತೋರಿಸ್ತಿದ್ರೆ ಮೊದಲ ಅನುಮಾನ ಕೇಬಲ್ ಮೇಲೇ ಪಡಿ, ಯಾಕಂದ್ರೆ ಗಿಗಾಬಿಟ್‌ಗೆ ಒಳಗಿರೋ 8 ತಂತಿನೂ ಸರಿ ಇರ್ಬೇಕು, 100ಕ್ಕೆ 4 ಸಾಕು, ಉಳಿದ 4ರಲ್ಲಿ ಒಂದು ತಂತಿ ಕಟ್ಟಾಗಿದ್ರೂ ಅದು ಸದ್ದಿಲ್ದೆ 100ಕ್ಕೆ ಇಳಿದುಬಿಡತ್ತೆ.

ಆಮೇಲೆ ಅದೇ ಈಥರ್‌ನೆಟ್ ಸೆಟ್ಟಿಂಗಲ್ಲಿ ಐಪಿ ಅಡ್ರೆಸ್, ಅಂದ್ರೆ ನೆಟ್‌ವರ್ಕಲ್ಲಿ ಕಂಪ್ಯೂಟರ್‌ನ ವಿಳಾಸ. ಹಳೇದಕ್ಕೆ 192.168.50.1, ಹೊಸದಕ್ಕೆ 192.168.50.2 ಅಂತ ಕೈಯಾರೆ ಕೊಡಿ, ಸಬ್‌ನೆಟ್ ಮಾಸ್ಕ್ ಎರಡಕ್ಕೂ 255.255.255.0, ಗೇಟ್‌ವೇ ಖಾಲಿ ಬಿಡಿ. ನಿಮ್ಮ ವೈಫೈ ರೂಟರ್ರೂ 192.168.50 ಸೀರೀಸಲ್ಲೇ ಇದ್ರೆ ಇಲ್ಲಿ 50ರ ಬದಲು ಬೇರೆ ನಂಬರ್ ಹಾಕಿ.

ಹಳೇ ಕಂಪ್ಯೂಟರಲ್ಲಿ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಶೇರಿಂಗ್, ಅಡ್ವಾನ್ಸ್ಡ್ ಶೇರಿಂಗ್‌ಗೆ ಹೋಗಿ ಶೇರ್ ಮಾಡಿ. ಬರೀ ರೀಡ್ ಪರ್ಮಿಶನ್ ಸಾಕು, ಹೊಸದರಿಂದ ಕೂತು ಎಳ್ಕೊಳ್ಳೋದು ಅಷ್ಟೇ ಅಲ್ವಾ, ಅಪ್ಪಿತಪ್ಪಿ ಡಿಲೀಟ್ ಒತ್ತಿದ್ರೂ ಹಳೇದಕ್ಕೆ ಏನೂ ಆಗಲ್ಲ. ನೆಟ್‌ವರ್ಕ್ ಪಬ್ಲಿಕ್ ಅಂತ ತೋರಿಸ್ತಿದ್ರೆ ಅದರಲ್ಲೇ ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಆನ್ ಮಾಡಿ. ಈಗ ಹೊಸದರಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಹಳೇದರ ಐಪಿ ಟೈಪ್ ಮಾಡಿ. ಯೂಸರ್‌ನೇಮ್ ಪಾಸ್‌ವರ್ಡ್ ಕೇಳತ್ತೆ, ತುಂಬಾ ಜನ ಸಿಕ್ಕಿಹಾಕ್ಕೊಳ್ಳೋದು ಇಲ್ಲೇ: ಲಾಗಿನ್ ಆಗೋಕೆ ಒತ್ತೋ 4 ಅಂಕಿ ಪಿನ್ ಇಲ್ಲಿ ನಡೆಯಲ್ಲ, ಅಕೌಂಟ್ ಪಾಸ್‌ವರ್ಡೇ ಬೇಕು, ಪಾಸ್‌ವರ್ಡೇ ಇಟ್ಟಿಲ್ಲ ಅಂದ್ರೆ ವಿಂಡೋಸ್ ಒಳಗೇ ಬಿಡಲ್ಲ, ಹಳೇದರಲ್ಲಿ ಒಂದು ಸೆಟ್ ಮಾಡ್ಕೊಳ್ಳಿ. ಕಂಪ್ಯೂಟರ್ ಹೆಸರು ಹಾಕಿದ್ರೂ ಓಪನ್ ಆಗ್ಬಹುದು, ಆದ್ರೆ ಆಗ ಡೇಟಾ ವೈಫೈ ದಾರಿ ಹಿಡಿದ್ರೂ ಹಿಡೀತು, ಐಪಿ ಹಾಕೋದೇ ಸೇಫ್.

ಕಾಪಿ ಶುರು ಮಾಡೋ ಮುಂಚೆ ಎರಡರಲ್ಲೂ ಸ್ಲೀಪ್ ಆಫ್ ಮಾಡಿ, ಲ್ಯಾಪ್‌ಟಾಪಾದ್ರೆ ಚಾರ್ಜರ್ ಹಾಕಿ. ನಾಲ್ಕೈದು ದೊಡ್ಡ ವಿಡಿಯೋ ಆದ್ರೆ ಎಳೆದು ಬಿಟ್ರೆ ಸಾಕು, ಲಕ್ಷಗಟ್ಟಲೆ ಫೈಲ್ ಇದ್ರೆ ವಿಂಡೋಸಲ್ಲೇ ಇರೋ ರೋಬೋಕಾಪಿ ಕಮಾಂಡ್ ಬಳಸಿ, ಮಧ್ಯೆ ಕರೆಂಟ್ ಹೋದ್ರೂ ಅದೇ ಕಮಾಂಡ್ ಮತ್ತೆ ಕೊಟ್ರೆ ಆಗ್ಲೇ ಬಂದಿರೋ ಫೈಲ್ ಬಿಟ್ಟು ಉಳಿದಿದ್ದನ್ನ ಮಾತ್ರ ತರತ್ತೆ. ಸಬ್‌ಫೋಲ್ಡರೂ ಬರೋಕೆ ಸ್ಲ್ಯಾಶ್ ಇ ಹಾಕಿ. ಸ್ಲ್ಯಾಶ್ ಆರ್ ಕೋಲನ್ 2, ಸ್ಲ್ಯಾಶ್ ಡಬ್ಲ್ಯೂ ಕೋಲನ್ 5 (/R:2 /W:5, ಅಂದ್ರೆ 5 ಸೆಕೆಂಡ್ ಬಿಟ್ಟು 2 ಸಲ ಮಾತ್ರ ಮತ್ತೆ ಟ್ರೈ ಮಾಡು) ಅಂತಾನೂ ಸೇರಿಸಿ, ಇಲ್ಲಾಂದ್ರೆ ಒಂದೇ ಒಂದು ಫೈಲ್ ಓದೋಕಾಗದಿದ್ರೂ ಅದು 30 ಸೆಕೆಂಡ್‌ಗೊಮ್ಮೆ 10 ಲಕ್ಷ ಸಲ ಟ್ರೈ ಮಾಡ್ತಾ ಕೂರತ್ತೆ, ತಮಾಷೆಯಲ್ಲ, ಡೀಫಾಲ್ಟೇ ಹಾಗಿರೋದು. ಸ್ಲ್ಯಾಶ್ ಎಂಐಆರ್ ಮಾತ್ರ ಬೇಡ, ಹಳೇದರಲ್ಲಿ ಇಲ್ಲದ ಫೈಲು ಹೊಸ ಫೋಲ್ಡರಲ್ಲಿದ್ರೆ ಕೇಳದೇ ಅಳಿಸಿಬಿಡತ್ತೆ. ಸಣ್ಣ ಸಣ್ಣ ಫೈಲ್ ಬಂದಾಗ ಸ್ಪೀಡು ಧೊಪ್ ಅಂತ ಬೀಳತ್ತೆ, ಗಾಬರಿ ಬೇಡ, ಒಂದೊಂದು ಫೈಲ್ ತೆರೆದು ಮುಚ್ಚೋದಕ್ಕೇ ಟೈಮ್ ಹೋಗತ್ತೆ. ಮ್ಯಾಕ್, ಲಿನಕ್ಸಲ್ಲಿ ಇದೇ ಕೆಲಸಕ್ಕೆ ಆರ್‌ಸಿಂಕ್ ಇದೆ.

ಮುಗಿದ್ಮೇಲೆ ರೋಬೋಕಾಪಿ ಕೊನೇಲಿ ಒಂದು ಟೇಬಲ್ ಕೊಡತ್ತೆ, ಅದರಲ್ಲಿ ಫೇಲ್ಡ್ ಕಾಲಂ ಪೂರ್ತಿ 0 ಇರ್ಬೇಕು. ಎರಡೂ ಕಡೆ ಫೋಲ್ಡರ್ ಪ್ರಾಪರ್ಟೀಸಲ್ಲಿ ಫೈಲ್ ಸಂಖ್ಯೆ, ಸೈಜ್ ತಾಳೆ ನೋಡಿ, ದೊಡ್ಡ ವಿಡಿಯೋ ಒಂದೆರಡು ಕೊನೇವರೆಗೂ ಓಡಿಸಿ ನೋಡಿ. ಹಳೇ ಡಿಸ್ಕ್ ಫಾರ್ಮ್ಯಾಟ್ ಮಾಡೋ ಅವಸರ ಬೇಡ. ಶೇರಿಂಗ್ ಆಫ್ ಮಾಡಿ, ಐಪಿನ ವಾಪಸ್ ಆಟೋಮ್ಯಾಟಿಕ್‌ಗೆ ಹಾಕಿ, ಇಲ್ಲಾಂದ್ರೆ ನಾಳೆ ಅದೇ ಪೋರ್ಟಿಗೆ ರೂಟರ್ ಕೇಬಲ್ ಹಾಕಿದಾಗ ಇಂಟರ್ನೆಟ್ ಬರಲ್ಲ.