ಕಾನ್ವೆಂಟ್ ಹೈಸ್ಕೂಲಿಗೆ ಒಂದು ಸುದ್ದಿಪತ್ರ ಮಾಡುವುದು ಹೇಗೆ?

ಎಲ್ಲ ಶಾಲೆಯಲ್ಲೂ ಈ ಕೆಲಸ ಕೊನೆಗೆ ಕನ್ನಡ ಟೀಚರ್ ತಲೆಗೇ ಬರುತ್ತದೆ. "ನಿಮಗೆ ಬರೆಯಲಿಕ್ಕೆ ಗೊತ್ತಲ್ವಾ ಟೀಚರ್, ಒಂದು ನಾಲ್ಕು ಪುಟ ಮಾಡಿಬಿಡಿ" ಅಂತ ಸಿಸ್ಟರ್ ಹೇಳಿದರೆ ಮುಗಿಯಿತು. ನಿಮಗೂ ಹಾಗೇ ಬಂದಿದ್ದರೆ ಇದನ್ನು ಓದಿ.

ನಮ್ಮದು ಉಡುಪಿ ಜಿಲ್ಲೆಯ ಹಳ್ಳಿಯೊಂದರ ಅನುದಾನಿತ ಪ್ರೌಢಶಾಲೆ. ಪಕ್ಕದಲ್ಲಿ ಚರ್ಚು, ಹಿಂದೆ ಕಾನ್ವೆಂಟ್, ಎದುರಿಗೆ ಬಸ್ ಸ್ಟಾಪು. ಚರ್ಚಿನ ಫಾದರೇ ಶಾಲೆಯ ಸಂಚಾಲಕರು, ಸಿಸ್ಟರ್ ಮುಖ್ಯೋಪಾಧ್ಯಾಯಿನಿ. ಮಕ್ಕಳಲ್ಲಿ ಎಲ್ಲರೂ ಇದ್ದಾರೆ. ಬಿಸಿಯೂಟದ ಸಾಲಿನಲ್ಲಿ ನಿಂತರೆ ತುಳು, ಕೊಂಕಣಿ, ಬ್ಯಾರಿ ಮೂರೂ ಕಿವಿಗೆ ಬೀಳುತ್ತವೆ, ನನ್ನ ಪಾಠದ ಕನ್ನಡ ಬಿಟ್ಟು. ನಾನು ಕ್ಯಾಥೊಲಿಕ್ ಅಲ್ಲ. ಈ ಕೆಲಸಕ್ಕೆ ಅದು ಒಳ್ಳೆಯದೇ ಆಯಿತು ಅಂತ ನನಗೆ ಅನಿಸಿದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ಇಂಥ ಶಾಲೆಯಲ್ಲಿ ದೊಡ್ಡವರು ನಿಲ್ಲುವುದಿಲ್ಲ. ಸಿಸ್ಟರ್‌ಗೆ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ, ಫಾದರ್‌ಗೂ ಹಾಗೇ. ಶಾಲೆಯಲ್ಲಿ ಏನೇನು ನಡೆಯಿತು ಅಂತ ನೆನಪಿಟ್ಟುಕೊಳ್ಳುವವರು ನಾವು ಒಂದಿಬ್ಬರು ಟೀಚರ್, ಮತ್ತೆ ಗಂಟೆ ಹೊಡೆಯುವ ಜವಾನ. ಹಾಗಾಗಿ ಸುದ್ದಿಪತ್ರ ಅಂದರೆ ಹೊರಗಿನವರಿಗೆ ತೋರಿಸುವ ಬಣ್ಣದ ಕಾಗದ ಅಂದುಕೊಳ್ಳಬೇಡಿ. ಮುಂದೆ ಬರುವ ಸಿಸ್ಟರ್ ಅದನ್ನು ಓದಿಯೇ ಶಾಲೆಯ ಗುರುತು ಮಾಡಿಕೊಳ್ಳುತ್ತಾರೆ.

ಅಳತೆ ಚಿಕ್ಕದಿರಲಿ. ಒಂದು ಎ3 ಹಾಳೆ, ನಡುವೆ ಮಡಚಿದರೆ ನಾಲ್ಕು ಪುಟ. ವರ್ಷಕ್ಕೆ ಮೂರು ಸಲ ಸಾಕು: ಮೊಂತಿ ಫೆಸ್ತ್ (ಮಾತೆ ಮರಿಯಳ ಹುಟ್ಟಿದ ದಿನದ ತೆನೆ ಹಬ್ಬ) ಮುಗಿದ ಮೇಲೆ ಒಂದು, ಕ್ರಿಸ್ಮಸ್ ರಜೆಗೆ ಮೊದಲು ಒಂದು, ಹತ್ತನೇ ತರಗತಿಯವರ ಬೀಳ್ಕೊಡುಗೆ ಆದ ಮೇಲೆ ಒಂದು. ತಿಂಗಳಿಗೊಂದು ಮಾಡುತ್ತೇವೆ ಅಂತ ಉತ್ಸಾಹದಲ್ಲಿ ಒಪ್ಪಿಕೊಳ್ಳಬೇಡಿ. ಜುಲೈಯಲ್ಲಿ ಮಳೆ ರಜೆ ಬಿಟ್ಟರೆ ಬರೆಯಲಿಕ್ಕೆ ಏನೂ ಇರುವುದಿಲ್ಲ.

ಹಾಗೆ ನೋಡಿದರೆ ಮಳೆ ರಜೆಯೂ ಸುದ್ದಿಯೇ. ಬೆಳಿಗ್ಗೆ ಜಿಲ್ಲಾಧಿಕಾರಿಗಳ ರಜೆ ಘೋಷಣೆ ತಡವಾಗಿ ಗೊತ್ತಾಗಿ, ಬಸ್ ಹತ್ತಿ ಬಂದುಬಿಟ್ಟ ಮಕ್ಕಳನ್ನು ಯಾರು ಕೂರಿಸಿಕೊಂಡರು, ಯಾರು ಚಾ ಮಾಡಿ ಕೊಟ್ಟರು, ಆ ಪಾಠ ಯಾವ ಶನಿವಾರ ಮಧ್ಯಾಹ್ನ ತುಂಬಿಸಿದರು. ಹತ್ತು ವರ್ಷ ಬಿಟ್ಟು ಓದಿದರೆ ಇದೇ ರುಚಿ ಕೊಡುವುದು.

ಸುದ್ದಿ ಎಲ್ಲಿಂದ ಬರುತ್ತದೆ?

ಸ್ಟಾಫ್ ರೂಮಿನಲ್ಲಿ ಹಾಜರಿ ಪುಸ್ತಕದ ಪಕ್ಕ ಒಂದು ಉದ್ದ ನೋಟ್‌ಬುಕ್ ಇಡಿ. ದಾರದಲ್ಲಿ ಪೆನ್ನು ಕಟ್ಟಿ. ಇಲ್ಲದಿದ್ದರೆ ಪೆನ್ನು ಗಣಿತದ ಸರ್ ಜೇಬಿಗೆ ಹೋಗುತ್ತದೆ. ಏನಾದರೂ ನಡೆದ ದಿನವೇ ಅಲ್ಲಿ ಎರಡು ಸಾಲು ಬೀಳಬೇಕು: ದಿನಾಂಕ, ಏನು, ಯಾರು. "ಆಮೇಲೆ ಬರೆದು ಕೊಡ್ತೇನೆ ಟೀಚರ್" ಅಂದವರು ಯಾರೂ ಬರೆದು ಕೊಡುವುದಿಲ್ಲ.

ಎಂಟು, ಒಂಬತ್ತು, ಹತ್ತು, ಪ್ರತಿ ತರಗತಿಯಿಂದ ಇಬ್ಬರು ಮಕ್ಕಳನ್ನು ಸುದ್ದಿಗಾರರಾಗಿ ಆರಿಸಿ. ಚೆನ್ನಾಗಿ ಪ್ರಬಂಧ ಬರೆಯುವವರೇ ಆಗಬೇಕಿಲ್ಲ. ಜಾಸ್ತಿ ಮಾತಾಡುವವರು, ಎಲ್ಲ ಕಡೆ ಇಣುಕುವವರು ಬೇಕು. ಅವರಿಗೆ ಐದು ಪ್ರಶ್ನೆ ಬಾಯಿಪಾಠ ಮಾಡಿಸಿ. ಏನಾಯಿತು? ಯಾರು ಮಾಡಿದರು? ಹಿಂದೆ ನಿಂತು ಕೆಲಸ ಮಾಡಿದವರು ಯಾರು? ಏನು ತಿಂದಿರಿ? ಯಾವಾಗ ನಗು ಬಂತು? ಕೊನೆಯ ಎರಡು ಪ್ರಶ್ನೆ ತಮಾಷೆ ಅಂದುಕೊಳ್ಳಬೇಡಿ. ಒಳ್ಳೆಯ ಸಾಲುಗಳು ಅಲ್ಲಿಂದಲೇ ಸಿಗುತ್ತವೆ.

ಕ್ಯಾಲೆಂಡರಿನಲ್ಲಿ ಎರಡೆರಡು ಹಬ್ಬ

ಕ್ಯಾಥೊಲಿಕ್ ಶಾಲೆಯ ವರ್ಷದಲ್ಲಿ ಒಂದು ವಿಶೇಷ ಇದೆ. ಸರ್ಕಾರದ ದಿನ, ಚರ್ಚಿನ ದಿನ ಹಲವು ಕಡೆ ಒಂದರ ಮೇಲೊಂದು ಬೀಳುತ್ತವೆ. ಆಗಸ್ಟ್ 15 ಸ್ವಾತಂತ್ರ್ಯ ದಿನ, ಅವತ್ತೇ ಮಾತೆ ಮರಿಯಳ ಸ್ವರ್ಗಾರೋಹಣದ ಹಬ್ಬ. ಹಾಗಾಗಿ ನಮ್ಮಲ್ಲಿ ಮೊದಲು ಪೂಜೆ, ಆಮೇಲೆ ಧ್ವಜಾರೋಹಣ. ಸೆಪ್ಟೆಂಬರ್ 5 ಶಿಕ್ಷಕರ ದಿನ. 1997ರಲ್ಲಿ ಮದರ್ ತೆರೇಸಾ ತೀರಿಕೊಂಡದ್ದು ಅದೇ ದಿನ, ಚರ್ಚಿನಲ್ಲಿ ಅವರ ಹಬ್ಬವೂ ಅವತ್ತೇ. ನವೆಂಬರ್ 1 ರಾಜ್ಯೋತ್ಸವ, ಜೊತೆಗೆ ಸಕಲ ಸಂತರ ಹಬ್ಬ. ಮರುದಿನ ಮೃತರ ಸ್ಮರಣೆ, ಸಿಮಿತ್ರಿಯಲ್ಲಿ, ಅಂದರೆ ಚರ್ಚಿನ ಸ್ಮಶಾನದಲ್ಲಿ, ಮೊಂಬತ್ತಿ.

ಬರೆಯುವವರು ಏನು ಮಾಡುತ್ತಾರೆ ಅಂದರೆ, ಒಂದನ್ನು ಬರೆದು ಇನ್ನೊಂದನ್ನು ಬಿಡುತ್ತಾರೆ. ಎರಡನ್ನೂ ಬರೆಯಿರಿ, ಆದರೆ ಬೇರೆ ಬೇರೆ ಸುದ್ದಿ ಮಾಡಬೇಡಿ. ರಾಜ್ಯೋತ್ಸವದ ದಿನ ಪೂಜೆ ಮುಗಿಸಿ ಬಂದ ಹುಡುಗಿ ಬ್ಯಾಗಿನಿಂದ ಹಳದಿ ಕೆಂಪು ಶಾಲು ತೆಗೆದು ಹಾಕಿಕೊಂಡು ನಾಡಗೀತೆಗೆ ನಿಂತರೆ, ನಿಮ್ಮ ಸುದ್ದಿ ಅದೇ.

ಮೊಂತಿ ಫೆಸ್ತ್‌ಗೆ ಮಾತ್ರ ಜಾಗ ಜಾಸ್ತಿ ಕೊಡಿ. ಆಗಸ್ಟ್ 30ಕ್ಕೆ ನೊವೇನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಶುರು. ಒಂಬತ್ತು ದಿನ ಮಕ್ಕಳು ಹೂವು ತಂದು ಮರಿಯಮ್ಮನಿಗೆ ಹಾಕುತ್ತಾರೆ. ಸೆಪ್ಟೆಂಬರ್ 8ಕ್ಕೆ ಹಬ್ಬ. ಹೊಸ ತೆನೆಗೆ ಆಶೀರ್ವಾದ, ಮನೆಮನೆಗೆ ತೆನೆ, ಮಕ್ಕಳಿಗೆ ಕಬ್ಬು, ಮಧ್ಯಾಹ್ನ ಮೀನು ಮಾಂಸ ಇಲ್ಲದ ಊಟ. ಇದನ್ನು ಓದುವವರಲ್ಲಿ ಕ್ಯಾಥೊಲಿಕ್ ಅಲ್ಲದ ಅಪ್ಪ ಅಮ್ಮಂದಿರು ತುಂಬಾ ಜನ. ಅವರ ಮನೆಯಲ್ಲೂ ತೆನೆ ಕಟ್ಟುತ್ತಾರೆ, ಹೊಸ ಅಕ್ಕಿ ಊಟ ಮಾಡುತ್ತಾರೆ. ಅದಕ್ಕೇ ನಾನು ಕ್ಯಾಥೊಲಿಕ್ ಅಲ್ಲದ್ದು ಒಳ್ಳೆಯದಾಯಿತು ಅಂದದ್ದು. ನನಗೆ ಗೊತ್ತಿಲ್ಲದ್ದನ್ನು ನಾನು ಕೇಳಲೇಬೇಕು. ಕೇಳಿ ಬರೆದರೆ ಅವರಿಗೂ ಅರ್ಥವಾಗುತ್ತದೆ. ಒಳಗಿನವರೇ ಬರೆದಿದ್ದರೆ "ನೊವೇನಾ ಭಕ್ತಿಯಿಂದ ನಡೆಯಿತು" ಅಂತ ಒಂದು ಸಾಲು ಹಾಕಿ ಮುಗಿಸುತ್ತಿದ್ದರು. ಒಂದು ಸಲ ಪೂಜೆ ಸಾಮಾನಿನ ಕನ್ನಡ ಹೆಸರಿಗಾಗಿ ಇಡೀ ಕಾನ್ವೆಂಟ್ ಅಡುಗೆಮನೆಯಲ್ಲಿ ಚರ್ಚೆ ಆಗಿತ್ತು. ಕೊನೆಗೆ ಕೊಂಕಣಿ ಹೆಸರೇ ಹಾಕಿದೆವು, ಯಾರೂ ಬೈಯಲಿಲ್ಲ.

ವರದಿಯನ್ನು ಬಿಚ್ಚಿ ಬರೆಯುವುದು

ಕೆಲಸ ಇರುವುದೇ ಇಲ್ಲಿ. ನಮ್ಮ ಶಾಲೆಗಳ ವರದಿ ಹೇಗಿರುತ್ತದೆ ನೋಡಿ: "ಶಾಲಾ ಸಂಸತ್ತಿನ ಉದ್ಘಾಟನಾ ಸಮಾರಂಭವು ಜರುಗಿತು. ಸಂಚಾಲಕರು ಅಧ್ಯಕ್ಷತೆ ವಹಿಸಿದ್ದರು. ಮುಖ್ಯ ಅತಿಥಿಗಳು ದೀಪ ಬೆಳಗಿಸಿ ಹಿತನುಡಿಗಳನ್ನಾಡಿದರು. ಶಿಕ್ಷಕಿ ಸ್ವಾಗತಿಸಿ, ಶಿಕ್ಷಕರು ವಂದಿಸಿದರು."

ಇದರಲ್ಲಿ ಮಕ್ಕಳು ಎಲ್ಲಿದ್ದಾರೆ ಮಾರಾಯ್ರೇ? ಶಾಲೆಯ ಹೆಸರು ಬದಲಿಸಿದರೆ ಜಿಲ್ಲೆಯ ಯಾವ ಶಾಲೆಗಾದರೂ ಆಗುತ್ತದೆ. ನಾನು ಅದೇ ಸುದ್ದಿಯನ್ನು ಹೀಗೆ ಬರೆಯುತ್ತೇನೆ:

"ಈ ಸಲ ಮತದಾನ ಮೊಬೈಲ್ ಆ್ಯಪಿನಲ್ಲಿ ನಡೆಯಿತು. ಬೆರಳಿಗೆ ಶಾಯಿ ಹಾಕಿದ್ದು ಒಂಬತ್ತನೇ ತರಗತಿಯ ಹುಡುಗಿಯರು. ಶಾಯಿ ಖಾಲಿಯಾಗಿ ಕೊನೆಯ ಸಾಲಿನವರಿಗೆ ಸ್ಕೆಚ್ ಪೆನ್ ಹಾಕಬೇಕಾಯಿತು. ಆಹಾರ ಮಂತ್ರಿಯಾದ ಹುಡುಗ ಬಿಸಿಯೂಟದ ಸಾಂಬಾರಿಗೆ ಸೌತೆಕಾಯಿ ಕಡಿಮೆ ಮಾಡಿಸುತ್ತೇನೆ ಅಂತ ಹೇಳಿ ಗೆದ್ದಿದ್ದಾನೆ. ಅಡುಗೆಯವರು ಇನ್ನೂ ಒಪ್ಪಿಲ್ಲ."

ಫಾದರ್ ಬಂದದ್ದು, ಪ್ರಮಾಣ ವಚನ ಹೇಳಿಸಿದ್ದು ಕೊನೆಯಲ್ಲಿ ಒಂದು ಸಾಲು ಬರುತ್ತದೆ. ಸ್ವಾಗತಿಸಿದವರು, ವಂದಿಸಿದವರು, ನಿರೂಪಿಸಿದವರು ಮೂವರನ್ನೂ ಬಿಟ್ಟುಬಿಡಿ. ಮೊದಲ ಸಂಚಿಕೆಗೆ ಸ್ವಲ್ಪ ಮುಖ ಊದುತ್ತದೆ. ಎರಡನೆಯದಕ್ಕೆ ಅಭ್ಯಾಸವಾಗುತ್ತದೆ. ಅತಿಥಿಯ ಭಾಷಣದಿಂದ ಒಂದು ನಿಜವಾದ ಮಾತು ಸಿಕ್ಕಿದರೆ ಹಾಕಿ. "ವಿದ್ಯಾರ್ಥಿಗಳು ಶಿಸ್ತಿನಿಂದ ಬಾಳಬೇಕು" ಅನ್ನುವುದು ನಿಜವಾದ ಮಾತಲ್ಲ.

ಪ್ರತಿಭಾ ಕಾರಂಜಿ, ಕ್ರೀಡಾಕೂಟದ ಬಹುಮಾನಗಳನ್ನು ಚಿಕ್ಕ ಅಕ್ಷರದಲ್ಲಿ ಪಟ್ಟಿ ಮಾಡಿ ಮುಗಿಸಿ. ಆದರೆ ಗೆದ್ದ ಎಲ್ಲರ ಹೆಸರೂ ಇರಬೇಕು, ವಲಯ ಮಟ್ಟದ ಮೂರನೇ ಸ್ಥಾನದವರೆಗೂ. ಒಂದು ಹೆಸರು ಬಿಟ್ಟರೆ ಮರುದಿನ ಅಮ್ಮ ಗೇಟಿನ ಹತ್ತಿರ ನಿಂತಿರುತ್ತಾರೆ.

ಹಾಕಬಾರದ್ದು

ಎಸ್ಸೆಸ್ಸೆಲ್ಸಿ ಫಲಿತಾಂಶ ಬೇಸಿಗೆ ರಜೆಯಲ್ಲಿ ಬರುತ್ತದೆ. 625ರಲ್ಲಿ ಜಾಸ್ತಿ ತೆಗೆದವರ ಪಾಸ್‌ಪೋರ್ಟ್ ಫೋಟೋ ಸಾಲಾಗಿ ಹಾಕುವುದು ರೂಢಿ. ಹಾಕಿ, ಬೇಡ ಅನ್ನುವುದಿಲ್ಲ. ಆದರೆ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಮೊದಲನೆಯದರಲ್ಲಿ ಆಗದೆ ಆಮೇಲಿನದರಲ್ಲಿ ಪಾಸಾದ ಮಕ್ಕಳ ಬಗ್ಗೆ ಯಾರೂ ಬರೆಯುವುದಿಲ್ಲ. ನಾನು ಅವರಿಗಾಗಿ ರಜೆಯಲ್ಲಿ ಪಾಠ ಮಾಡಿದ ಟೀಚರ್‌ಗಳ ಹೆಸರು ಹಾಕುತ್ತೇನೆ, ಪಾಸಾದವರು ಎಷ್ಟು ಅಂತ ಹಾಕುತ್ತೇನೆ, ಮಕ್ಕಳ ಹೆಸರು ಹಾಕುವುದಿಲ್ಲ. ಯಾರಾದರೂ ತಾವೇ ಬಂದು "ನನ್ನ ಹೆಸರು ಹಾಕಿ ಟೀಚರ್" ಅಂದರೆ ಸಂತೋಷದಿಂದ ಹಾಕುತ್ತೇನೆ.

ಫೀಸು, ಯೂನಿಫಾರ್ಮು, ಆಪರೇಷನ್‌ಗೆ ನೆರವು ಪಡೆದ ಮಗುವಿನ ಹೆಸರು, ಫೋಟೋ ಎರಡೂ ಯಾವತ್ತೂ ಬೇಡ. ಕೊಟ್ಟವರಿಗೆ ಫೋಟೋ ಬೇಕು ಅಂತ ಆಸೆ ಇರುತ್ತದೆ. ದುಬೈಯಿಂದ, ಮುಂಬೈಯಿಂದ ಹಳೆ ವಿದ್ಯಾರ್ಥಿಗಳು ಪ್ರೀತಿಯಿಂದ ಕಳಿಸಿದ ದುಡ್ಡು ಅದು, ಅವರ ತಪ್ಪಲ್ಲ. ಅವರ ಹೆಸರು, ದುಡ್ಡು ಯಾವುದಕ್ಕೆ ಖರ್ಚಾಯಿತು ಅನ್ನುವ ಲೆಕ್ಕ ಚೆನ್ನಾಗಿ ಹಾಕಿ. ಚೆಕ್ ಹಿಡಿದು ನಿಂತ ಮಗು ಮಾತ್ರ ಬೇಡ. ಈ ಒಂದು ವಿಷಯಕ್ಕೆ ಸಿಸ್ಟರ್ ಜೊತೆ ವಾದ ಮಾಡಬೇಕಾಗಿ ಬಂದರೆ ಮಾಡಿ.

ಬೇರೆ ಫೋಟೋಗಳಿಗೆ ಅಪ್ಪ ಅಮ್ಮನ ಒಪ್ಪಿಗೆಯನ್ನು ಜೂನ್‌ನಲ್ಲೇ ಬರೆಸಿಕೊಳ್ಳಿ. ದಾಖಲಾತಿ ಅರ್ಜಿಯ ಜೊತೆ ಒಂದು ಚೀಟಿ ಸಾಕು. 2023ರಲ್ಲಿ ಬಂದ ದತ್ತಾಂಶ ರಕ್ಷಣೆ ಕಾಯ್ದೆ ಹದಿನೆಂಟು ತುಂಬದವರ ವಿಷಯದಲ್ಲಿ ಹೆತ್ತವರ ಒಪ್ಪಿಗೆ ಕೇಳುತ್ತದೆ. ಕಾಯ್ದೆ ಇರಲಿ ಬಿಡಲಿ, ನಿಮ್ಮ ಪಿಡಿಎಫ್ ವಾಟ್ಸ್ಆ್ಯಪ್‌ನಲ್ಲಿ ಎಲ್ಲಿಗೆ ಹೋಗುತ್ತದೆ ಅಂತ ನಿಮಗೇ ಗೊತ್ತಿರುವುದಿಲ್ಲ. ಮಗುವಿನ ಹೆಸರಿನ ಜೊತೆ ಮನೆ, ಊರು, ಬಸ್ಸಿನ ಹೆಸರು ಹಾಕಬೇಡಿ.

ಕೊನೆಯ ಪುಟ

ಎಲ್ಲರೂ ಮೊದಲು ಓದುವುದು ಕೊನೆಯ ಪುಟ. ಅದು ಜನರ ಪುಟ. ಯಾವ ಸಿಸ್ಟರ್‌ಗೆ ವ್ರತ ತೆಗೆದುಕೊಂಡು 25 ವರ್ಷವಾಗಿ ಬೆಳ್ಳಿ ಹಬ್ಬ, ಯಾರು ವರ್ಗವಾಗಿ ಹೋದರು, ಯಾರು ಬಂದರು, ಯಾವ ಟೀಚರ್‌ಗೆ ಮಗು ಆಯಿತು, ಹಳೆಯ ಹೆಡ್‌ಮಾಸ್ಟರ್ ತೀರಿಕೊಂಡದ್ದು. ತೀರಿಕೊಂಡವರ ಬಗ್ಗೆ ಬರೆಯುವಾಗ "ತುಂಬಲಾರದ ನಷ್ಟ" ಅಂತ ಬರೆಯದೆ, ಅವರು ಕಲಿಸಿದ್ದು ಏನು, ಯಾವ ವರ್ಷದಿಂದ ಯಾವ ವರ್ಷದವರೆಗೆ ಇದ್ದರು, ಮಕ್ಕಳು ಅವರನ್ನು ಹೇಗೆ ನೆನಪಿಟ್ಟುಕೊಂಡಿದ್ದಾರೆ ಅಂತ ಮೂರು ಸಾಲು ಬರೆಯಿರಿ. ಅವರ ಕಾಲದ ಹಳೆ ವಿದ್ಯಾರ್ಥಿ ಒಬ್ಬರಿಗೆ ಫೋನ್ ಮಾಡಿದರೆ ಸಾಕು, ನಿಲ್ಲಿಸುವುದೇ ಕಷ್ಟ.

ಉಳಿದ ಜಾಗದಲ್ಲಿ ಮುಂದಿನ ಮೂರು ತಿಂಗಳ ದಿನಾಂಕ ಹಾಕಿ. ಹೆತ್ತವರ ಸಭೆ, ಪರೀಕ್ಷೆ, ಕ್ರೀಡಾಕೂಟ, ವಾರ್ಷಿಕೋತ್ಸವ. ಈ ಪುಟವನ್ನು ಕೆಲವರು ಕತ್ತರಿಸಿ ಫ್ರಿಡ್ಜಿಗೆ ಅಂಟಿಸುತ್ತಾರೆ. ಆದ್ದರಿಂದ ಮುಖ್ಯ ಸುದ್ದಿಯನ್ನು ಅದರ ಹಿಂಬದಿಗೆ ಹಾಕಬೇಡಿ.

ಅಚ್ಚಿಗೆ ಮೊದಲು

ಹೆಸರುಗಳನ್ನು ಶಾಲೆಯ ದಾಖಲೆ ಪುಸ್ತಕ ಇಟ್ಟುಕೊಂಡೇ ನೋಡಿ. ಡಿಸೋಜ, ಡಿಸೋಜಾ, ಡಿ'ಸೋಜ ಮೂರೂ ಮನೆಯವರು ನಿಮ್ಮಲ್ಲಿ ಇರುತ್ತಾರೆ. ಮೂವರಿಗೂ ತಮ್ಮದೇ ಸರಿ. ಸೈಯದ್, ಸಯ್ಯದ್ ಕತೆಯೂ ಅದೇ.

ನುಡಿ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನು ಯುನಿಕೋಡಿಗೆ ಬದಲಿಸಿದರೆ ಒತ್ತಕ್ಷರ, ಅರ್ಕಾವತ್ತು ಕೆಲವು ಕಡೆ ಕೆಡುತ್ತದೆ. "ಚರ್ಚು", "ಪ್ರಾರ್ಥನೆ", "ಕ್ರಿಸ್ಮಸ್" ಈ ಪದಗಳನ್ನು ಹುಡುಕಿ ಹುಡುಕಿ ನೋಡಿ. ಪರದೆಯ ಮೇಲೆ ತಿದ್ದಿದರೆ ತಪ್ಪು ಕಾಣುವುದಿಲ್ಲ. ಒಂದು ಪ್ರತಿ ಪ್ರಿಂಟ್ ತೆಗೆದು, ಸಂಬಂಧವೇ ಇಲ್ಲದ ವಿಜ್ಞಾನದ ಟೀಚರ್ ಕೈಗೆ ಕೆಂಪು ಪೆನ್ನು ಕೊಡಿ.

ಆಮೇಲೆ ಮೊದಲು ಸಿಸ್ಟರ್‌ಗೆ, ನಂತರ ಫಾದರ್‌ಗೆ ತೋರಿಸಿ. ಈ ಕ್ರಮ ತಪ್ಪಿಸಬೇಡಿ. ಫಾದರ್ ಸಂದೇಶ ಕೊಡುತ್ತಾರೆ. ಎಷ್ಟು ಸಾಲು ಅಂತ ಮೊದಲೇ ಹೇಳಿ, ಜಾಗವನ್ನು ಗೆರೆ ಹಾಕಿ ತೋರಿಸಿದರೆ ಇನ್ನೂ ಒಳ್ಳೆಯದು. ಭಾನುವಾರದ ಪ್ರಸಂಗ ಮಾಡುವವರಿಗೆ ಹತ್ತು ಸಾಲಿನಲ್ಲಿ ನಿಲ್ಲಿಸುವುದು ಸುಲಭವಲ್ಲ. ಕ್ರಿಸ್ಮಸ್ ಸಂಚಿಕೆಯನ್ನು ಡಿಸೆಂಬರ್ ಮೊದಲ ವಾರವೇ ತೋರಿಸಬೇಕು. ಆಮೇಲೆ ಗೋದಲಿ, ನಕ್ಷತ್ರ, ಕುಸ್ವಾರ್ (ಕ್ರಿಸ್ಮಸ್ ತಿಂಡಿ) ಅಂತ ಚರ್ಚಿನಲ್ಲೂ ಕಾನ್ವೆಂಟಿನಲ್ಲೂ ಯಾರೂ ಕೈಗೆ ಸಿಗುವುದಿಲ್ಲ.

ಹಂಚುವಾಗ ಮಕ್ಕಳ ಕೈಯಲ್ಲಿ ಒಂದೊಂದು ಮನೆಗೆ ಕಳಿಸಿ. ಅಣ್ಣ ತಂಗಿ ಇಬ್ಬರೂ ಓದುತ್ತಿದ್ದರೆ ಒಂದೇ ಸಾಕು. ಹಳೆ ವಿದ್ಯಾರ್ಥಿ ಸಂಘದ ಗುಂಪಿಗೆ ಪಿಡಿಎಫ್. ನಿವೃತ್ತ ಟೀಚರ್‌ಗಳಲ್ಲಿ ಸ್ಮಾರ್ಟ್‌ಫೋನ್ ಇಲ್ಲದವರು ಇನ್ನೂ ಇದ್ದಾರೆ. ಅವರ ಮನೆ ದಾರಿಯ ಮಗುವಿನ ಕೈಯಲ್ಲಿ ಕೊಟ್ಟರೆ ಪ್ರತಿ ತಲುಪುತ್ತದೆ, ಬರುವಾಗ ಅವರಿಂದ ಒಂದು ಸುದ್ದಿಯೂ ಬರುತ್ತದೆ. ಅದನ್ನು ಅವತ್ತೇ ಉದ್ದ ನೋಟ್‌ಬುಕ್ಕಿನಲ್ಲಿ ಬರೆದುಬಿಡಿ. ಎರಡು ಪ್ರತಿ ಲೈಬ್ರರಿಯ ಕಪಾಟಿಗೆ, ಒಂದು ಕಾನ್ವೆಂಟಿಗೆ, ಒಂದು ಚರ್ಚಿನ ಆಫೀಸಿಗೆ. ಲೈಬ್ರರಿ ಪ್ರತಿಗೆ ಪ್ಲಾಸ್ಟಿಕ್ ಕವರ್ ಹಾಕಿ, ನಮ್ಮ ಮಳೆಗಾಲದಲ್ಲಿ ಗೆದ್ದಲು ಬರುತ್ತದೆ.