ಸೀಬೀ ಮಾದರಿ: ನೀರಿನಿಂದ ಮೇಲೇಳಬೇಕಾದರೆ

ಬಾಂಡ್ ಚಿತ್ರಗಳನ್ನು ನೋಡುವವರು ನೀರಿನ ಮೇಲೂ ಇಳಿಯುವ ಪುಟ್ಟ ವಿಮಾನ ರಿಪಬ್ಲಿಕ್ ಆರ್‌ಸಿ-3 ಸೀಬೀಯನ್ನು ಕಂಡೇ ಇರುತ್ತಾರೆ. 1974ರ ‘ದಿ ಮ್ಯಾನ್ ವಿತ್ ದಿ ಗೋಲ್ಡನ್ ಗನ್’ನಲ್ಲಿ ಬಾಂಡ್ ಖಳನಾಯಕ ಸ್ಕಾರಮಾಂಗಾನ ದ್ವೀಪಕ್ಕೆ ಬರುವುದು ಅದರಲ್ಲೇ, ಆಮೇಲೆ ಸ್ಕಾರಮಾಂಗಾ ಅದನ್ನು ಸೌರ ಫಿರಂಗಿಯಿಂದ ಸುಟ್ಟುಹಾಕುತ್ತಾನೆ. ಪರ್ಸಿವಲ್ ಸ್ಪೆನ್ಸರ್ ವಿನ್ಯಾಸದ ಈ ನಾಲ್ಕು ಸೀಟಿನ ವಿಮಾನವನ್ನು, ಯುದ್ಧಕಾಲದಲ್ಲಿ ಥಂಡರ್‌ಬೋಲ್ಟ್ ಯುದ್ಧವಿಮಾನ ತಯಾರಿಸಿದ ರಿಪಬ್ಲಿಕ್ ಕಂಪನಿ 1947ರವರೆಗೆ ಸಾವಿರಕ್ಕೂ ಮೇಲೆ ಕಟ್ಟಿತು. ಖರ್ಚು ಉಳಿಸಲು ಒಳಗಿನ ರಿಬ್‌ಗಳನ್ನು (ಅಡ್ಡಪಟ್ಟಿಗಳನ್ನು) ಕಡಿಮೆ ಮಾಡಿ ರೆಕ್ಕೆಯ ತಗಡಿಗೇ ಏಣು ಒತ್ತಿದರು. ರೇಡಿಯೋದಿಂದ ಹಾರಿಸುವ ಮಾದರಿಯಲ್ಲಿ ಆ ಏಣುಗಳಿಲ್ಲದಿದ್ದರೆ ಸೀಬೀಯ ಮುಖಲಕ್ಷಣವೇ ಹೋಗುತ್ತದೆ. ಹೊದಿಕೆಯ ಕೆಳಗೆ ದಪ್ಪ ನೂಲು ಅಂಟಿಸಿದರೆ ಸಾಕು.

ನಾನು ಕಟ್ಟುವುದು 1:8 ಅಳತೆಯಲ್ಲಿ. ರೆಕ್ಕೆ ತುದಿಯಿಂದ ತುದಿಗೆ 1435 ಮಿ.ಮೀ., ಉದ್ದ ಸುಮಾರು 1065. ಬ್ಯಾಟರಿ ಸೇರಿ ತೂಕ 1.8 ಕೆ.ಜಿ. ದಾಟಬಾರದು. ಹಲ್‌ಗೆ, ಅಂದರೆ ದೋಣಿಯಂಥ ಒಡಲಿಗೆ, ಬಾಲ್ಸಾ ಮರ, ಅದರ ಮೇಲೆ ಚದರ ಮೀಟರಿಗೆ 49 ಗ್ರಾಂ ತೂಗುವ ಗ್ಲಾಸ್ ಬಟ್ಟೆ, ಎಪಾಕ್ಸಿ ಅಂಟು. ಮೋಟಾರು ಕ್ಯಾಬಿನ್ನಿನ ಹಿಂದೆ ಇರುವುದರಿಂದ ಬ್ಯಾಟರಿಯನ್ನು ಮೂತಿಯ ತುದಿಗೇ ತಳ್ಳಬೇಕು. ಸಿಜಿ (ವಿಮಾನದ ತೂಕ ಸಮತೋಲವಾಗುವ ಬಿಂದು) ರೆಕ್ಕೆಯ ಮುಂಚೂಣಿಯಿಂದ 56 ಮಿ.ಮೀ. ಹಿಂದೆ.

ಎಲ್ಲ ಗುಟ್ಟೂ ಇರುವುದು ತಳದ ಸ್ಟೆಪ್‌ನಲ್ಲಿ, ಅಂದರೆ ಹಲ್‌ನ ತಳ ಒಮ್ಮೆಲೇ ಮೇಲಕ್ಕೆ ಸರಿಯುವ ಮೆಟ್ಟಿಲಿನಲ್ಲಿ. ಅದು ಸಿಜಿಗಿಂತ 10–15 ಮಿ.ಮೀ. ಹಿಂದಿರಲಿ, ಅಂಚು ಉಗುರಿಗೆ ತಾಗುವಷ್ಟು ಚೂಪಾಗಿರಲಿ. ಮರಳುಕಾಗದ ಹಾಕುವಾಗ ಅಂಚು ಉರುಟಾದರೆ ನೀರು ಅದಕ್ಕೆ ಅಂಟಿಕೊಂಡು ಹಿಂಬದಿಗೆ ಹರಿಯುತ್ತದೆ. ಎಷ್ಟು ವೇಗ ಕೊಟ್ಟರೂ ವಿಮಾನ ಮೇಲೇಳುವುದಿಲ್ಲ. ಗ್ಲಾಸ್ ಬಟ್ಟೆ ಒಣಗಿದ ಮೇಲೆ ಅಂಚಿಗೆ 0.4 ಮಿ.ಮೀ. ಪ್ಲೈವುಡ್ ಪಟ್ಟಿ ಅಂಟಿಸುವುದು ನನ್ನ ಪದ್ಧತಿ.

ಪ್ರೊಪೆಲ್ಲರ್ ಹಿಂದಿದ್ದರೂ ಅದರ ಮೇಲಿನ ಅಕ್ಷರಗಳು ಮೂತಿಯ ಕಡೆಗೇ ಮುಖ ಮಾಡಿರಬೇಕು. ಮೋಟಾರಿನ ಮೂರು ವೈರುಗಳಲ್ಲಿ ಎರಡನ್ನು ಅದಲುಬದಲು ಮಾಡಿದರೆ ತಿರುಗುವ ದಿಕ್ಕು ಸರಿಹೋಗುತ್ತದೆ. ಎತ್ತರದಲ್ಲಿರುವ ಈ ಮೋಟಾರು ಥ್ರಾಟಲ್ ಕೊಟ್ಟಾಗ ಮೂತಿಯನ್ನು ಕೆಳಗೆ ಒತ್ತುತ್ತದೆ. ಹಾಗಾಗಿ ಪೂರ್ತಿ ಥ್ರಾಟಲ್‌ಗೆ ಬಾಲದ ಎಲಿವೇಟರ್ (ಮೂತಿಯನ್ನು ಏರಿಳಿಸುವ ಪಟ್ಟಿ) 2–3 ಮಿ.ಮೀ. ತಾನಾಗಿ ಮೇಲೇಳುವಂತೆ ಟ್ರಾನ್ಸ್‌ಮಿಟರ್‌ನಲ್ಲಿ ಮಿಕ್ಸ್ ಇಡುತ್ತೇನೆ. ಆದರೂ ಥ್ರಾಟಲ್ ನಿಧಾನಕ್ಕೇ ಕೊಡಿ. ಒಮ್ಮೆಲೇ ತಳ್ಳಿದರೆ ಮೂತಿ ನೀರಿಗೆ ನುಗ್ಗುತ್ತದೆ.

ನಿಂತಾಗ ರೆಕ್ಕೆಯ ಫ್ಲೋಟ್‌ಗಳು ನೀರನ್ನು ಮುಟ್ಟಿಯೂ ಮುಟ್ಟದಂತಿರಲಿ. ತೀರಾ ಕೆಳಗಿದ್ದರೆ ಓಟದಲ್ಲಿ ಒಂದು ಫ್ಲೋಟ್ ಹಿಡಿದು ವಿಮಾನ ಗಿರ್ರನೆ ತಿರುಗುತ್ತದೆ. ಗಾಳಿಯಿಲ್ಲದ ಕನ್ನಡಿಯಂಥ ನೀರೂ ತಳವನ್ನು ಬಿಡುವುದಿಲ್ಲ. ಮೊದಲು ಒಂದು ಸುತ್ತು ಓಡಿಸಿ ಅಲೆ ಎಬ್ಬಿಸಿ, ಅದರ ಮೇಲೆ ಹಾಯಿಸಿ.

ಪ್ರತಿ ಹಾರಾಟದ ನಂತರ ಹಲ್‌ನ ಹಿಂಬದಿಯ ಬಿರಡೆ ತೆಗೆದು ನೀರು ಬಸಿಯಿರಿ. ಮೇಲೇರುವಾಗ ಬರೀ 30 ಗ್ರಾಂ ನೀರು ಬಾಲಕ್ಕೆ ಹರಿದರೂ ಸಿಜಿ 6–7 ಮಿ.ಮೀ. ಹಿಂದೆ ಸರಿಯುತ್ತದೆ, ಮೂತಿ ಎದ್ದು ವಿಮಾನ ಸ್ಟಾಲ್ ಆಗಲು (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳಲು) ಅಷ್ಟೇ ಸಾಕು. ಇದಕ್ಕೆಂದೇ ಸ್ಟೆಪ್‌ನ ನೇರಕ್ಕೆ ಹಲ್‌ನೊಳಗೆ ಒಂದು ಅಡ್ಡಗೋಡೆ ಹಾಕಿ, ಸರ್ವೋ (ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರು) ವೈರು ಹಾಯುವ ತೂತನ್ನು ಸಿಲಿಕೋನ್‌ನಿಂದ ಮುಚ್ಚುತ್ತೇನೆ.